ಗೇಟಿಗೆ ಕೊಟ್ಟ ಇಟ್ಟಿಗೆ

ಇಂಗಮ್ ಊರಾಚೆ, ಕಬ್ಬಿನ ಗದ್ದೆ ಮುಗಿಯುವಲ್ಲಿ
ನೀನೋ ಕವಲ್ಲಾರೋನ ಮನೆ.
ಹಿತ್ತಲಲ್ಲಿ ಈಜುಕೊಳ, ಕೊಳಕ್ಕೆ ಬೇಲಿ,
ಬೇಲಿಗೊಂದು ಗೇಟು,
ಗೇಟು ಮುಚ್ಚದಂತೆ ಒಂದು ಇಟ್ಟಿಗೆ.

'ಬ್ರೋನ್ವಿನ್, ಮೊದಲು ಕಾಫಿ' ಅಂದ.
ಮೊದಲು ಗೇಟು, ಅಂದೆ.
ಕೊರಳಲ್ಲಿ ಸರ್ಕಾರದ ಚೀಟಿ ತೂಗುಹಾಕಿಕೊಂಡವಳು
ಹಾಗೆಯೇ ಮಾತಾಡಬೇಕು.

ಬೇಲಿಯ ಎತ್ತರ ಸರಿ.
ಸರಳುಗಳ ನಡುವೆ ನನ್ನ ಮರದ ಚೆಂಡು ತೂರಲಿಲ್ಲ, ಸರಿ.
ಆದರೆ ಬೇಲಿಗೆ ಒರಗಿ ನಿಂತಿದೆ ನಿಂಬೆಯ ಕುಂಡ,
ಹೆಂಡತಿ ಇದ್ದಾಗ ನೆಟ್ಟದ್ದಂತೆ.
ಗಿಡವನ್ನು ನಾನೇನೂ ಅನ್ನುವುದಿಲ್ಲ;
ನನ್ನ ಕಾಗದದಲ್ಲಿ ಕುಂಡದ ಹೆಸರು ಮೆಟ್ಟಿಲು.

ಮೂಲೆಯಲ್ಲಿ ಬಿಸಿನೀರಿನ ತೊಟ್ಟಿ,
ಅವನ ಮಂಡಿನೋವಿಗೆ ಮಗಳು ಕೊಡಿಸಿದ್ದು.
ಮುಚ್ಚಳವಿದೆ, ಮುಚ್ಚಳಕ್ಕೆ ಪಟ್ಟಿಯಿದೆ, ಪಟ್ಟಿಗೆ ಬೀಗವಿದೆ.
ಬೀಗದ ಕೈ?
ತಲೆ ಕೆರೆದುಕೊಂಡ.
ಬೆಚ್ಚಗಿನ ಮುಚ್ಚಳದ ಮೇಲೆ ಬೆಕ್ಕು ಮಗ್ಗುಲು ಬದಲಿಸಿತು.

'ಅಡುಗೆಮನೆ ಇಲ್ಲೇ ಇದೆ, ಕಿಟಕಿ ತೆರೆದೇ ಇರುತ್ತದೆ.
ಮಗು ಬಿದ್ದರೆ ಕೇಳಿಸದೆ ಇರುತ್ತದೆಯೇ?'

ಲೋಟ ಬಿದ್ದರೆ ಕೇಳಿಸುತ್ತದೆ, ನೀನೋ.
ತಗಡಿನ ಮೇಲೆ ಮಾವಿನಕಾಯಿ ಬಿದ್ದರೆ
ಪಕ್ಕದ ಮನೆಗೂ ಕೇಳಿಸುತ್ತದೆ.
ನೀರಿಗಿಳಿದ ಮಗು
ಬಾಯಿ ತೆರೆಯುವುದು ಕೂಗುವುದಕ್ಕಲ್ಲ.
ಇದನ್ನು ಹೇಳಬೇಕಿತ್ತು, ಹೇಳಲಿಲ್ಲ.
ಗೇಟಿನ ಹತ್ತಿರ ಹೋದೆ.

ಇಟ್ಟಿಗೆ ಸರಿಸಿ, ಪೂರ್ತಿ ತೆರೆದು ಬಿಟ್ಟೆ:
ತಾನಾಗಿ ಬಂತು, ಠಕ್ಕನೆ ಕೂತಿತು.
ಅರ್ಧ ತೆರೆದು ಬಿಟ್ಟೆ: ಕೂತಿತು.
ಬೆರಳಗಲ ತೆರೆದು ಬಿಟ್ಟೆ.
ಬಂತು, ಚಿಲಕದ ತುಟಿಗೆ ತಾಗಿತು, ಅಲ್ಲೇ ನಿಂತಿತು.
ನೋಡಿದರೆ ಮುಚ್ಚಿದ ಹಾಗೇ.
ತೆರೆದ ಗೇಟಿಗೆ ನಾನು ಹೆದರುವುದಿಲ್ಲ,
ಇಂಥದಕ್ಕೆ ಹೆದರುತ್ತೇನೆ.

ಅಷ್ಟರಲ್ಲಿ ಅವನ ಮೊಮ್ಮಗಳು ಒರ್ನೆಲ್ಲಾ,
ಮೂರು ತುಂಬಿಲ್ಲ ಇನ್ನೂ,
ಒಂದು ಕೈಯಲ್ಲಿ ಬಿಸ್ಕತ್ತು,
ಇನ್ನೊಂದರ ಕಿರುಬೆರಳಲ್ಲಿ ಗೇಟೆಳೆದು
ಒಳಗೆ ಬಂದಳು, ನನ್ನ ಚೆಂಡು ಕೇಳಲು.
ಸದ್ದಿಲ್ಲ. ಬರಿಗಾಲು.
ಅಡುಗೆಮನೆ ಬಾಗಿಲಲ್ಲಿ ನೀನೋ, ಎರಡೂ ಕೈಯಲ್ಲಿ ಕಪ್ಪು.
ಬೀಳಿಸಲಿಲ್ಲ.
ಎಲ್ಲಿಡುವುದೆಂದು ತಿಳಿಯದೆ
ಬಗ್ಗಿ, ಮಂಡಿ ಲಟಕ್ಕೆನಿಸಿ, ಹುಲ್ಲಿನ ಮೇಲಿಟ್ಟ.

ಹದಿನೈದು ದಿನ ಬಿಟ್ಟು ಮತ್ತೆ ಹೋದೆ.
ಕೀಲಿಗೆ ಹೊಸ ಸ್ಪ್ರಿಂಗು. ಬೆರಳಗಲಕ್ಕೂ ಠಕ್.
ನಿಂಬೆ ಅಂಗಳದ ನಡುವೆ, ಯಾರೋ ಬಯ್ದ ಹಾಗೆ ಒಂಟಿ.
ಬೀಗದ ಕೈ ಅವನ ಕೊರಳಲ್ಲಿ, ಶಿಲುಬೆಯ ಪಕ್ಕ.
ಇಟ್ಟಿಗೆಯನ್ನು ಪತ್ರಿಕೆಯಲ್ಲಿ ಸುತ್ತಿ ಕೊಟ್ಟ:
'ತಗೊಂಡು ಹೋಗು. ಇಲ್ಲಿದ್ದರೆ
ತಟ್ಟೆ ಹಿಡಿದು ಬರುವಾಗ
ಕಾಲು ತಾನಾಗಿ ಅದನ್ನೇ ಹುಡುಕುತ್ತದೆ.'

ನನ್ನ ಗಾಡಿಯ ಹಿಂದೆ ಈಗ ಹನ್ನೆರಡಾಯಿತು:
ಇಟ್ಟಿಗೆ, ಹೊಳೆಯ ಕಲ್ಲು, ತುಕ್ಕುಹಿಡಿದ ಡಂಬೆಲ್,
ಮಡಿಸಿ ಮಡಿಸಿ ಸವೆದ ರಬ್ಬರ್ ಚಪ್ಪಲಿ.
ಒಂದನ್ನು ಮಾತ್ರ ಯಾರೂ ಕೊಟ್ಟದ್ದಲ್ಲ,
ನಾನೇ ಎತ್ತಿಕೊಂಡು ಬಂದದ್ದು.
ಅದು ಯಾವುದೆಂದು ಹೇಳುವುದಿಲ್ಲ.
ಸಕ್ಕರೆ ಕಾರ್ಖಾನೆಯ ತಿರುವಿನಲ್ಲಿ
ಎಲ್ಲವೂ ಒಂದಕ್ಕೊಂದು ತಾಗುತ್ತವೆ;
ರೇಡಿಯೋ ಸಣ್ಣಗೆ ಮಾಡಿ
ಮುಂದಿನ ಮನೆಯ ನಂಬರು ನೋಡುತ್ತೇನೆ.