ಎಡಗಡೆ ಹಿಂಗಾಲು

ಮೋಟಾರು ವೈಂಡಿಂಗ್ ಅಂಗಡಿ ಮ್ಯಾಲಿನ ಖೋಲಿ ನಮ್ಮದು,
ಸ್ಟೇಷನ್ ರೋಡ್, ವಿಜಯಪುರ.
ಸುಟ್ಟ ತಾಮ್ರದ ತಂತಿ ವಾಸನಿ ಮೆಟ್ಟಲ ಹತ್ತಿ ಬಂದು
ಐದು ಕಂಪ್ಯೂಟರಿನ ನಡುವ ಕೂಡತಿತ್ತು
ಪಗಾರ ಕೇಳದ ಆರನೇ ನೌಕರನ ಹಂಗ.

ಬಂದೇನವಾಜ ಮೊದಲ ದಿನಾನ ಗ್ವಾಡಿ ಮ್ಯಾಲ ಬರದಿದ್ದ,
ಅಳಸಲಿಕ್ಕೆ ಬಾರದ ಮಾರ್ಕರಿನಿಂದ:
ಹಳೇ ಬಿಜಾಪುರ, ಪೂರಾ. ಒಂದೂ ಗಲ್ಲಿ ಬಿಡೂದಿಲ್ಲ.
ಹತ್ತು ಸಾವಿರ ಕುದುರಿ, ಒಂದೊಂದಕ್ಕೂ ಒಂದೊಂದು ಹೆಸರು.
ಬಾವಡಿಯೊಳಗ ಇಣಿಕಿದ್ರ ಆಡವರ ಮಾರಿ ಕಾಣಬೇಕು,
ಮಳಿ ಆದ್ರ ನೀರು ಏರಬೇಕು.
ಬಿಸಿಲಾಗ ನಿಂತ ಕಾವಲುಗಾರ ಮಧ್ಯಾಹ್ನಕ್ಕ
ತಾನಾಗೇ ನೆರಳಿಗೆ ಸರೀಬೇಕು.
ಓದಿ ನಮ್ಮ ಮೈಮ್ಯಾಲ ಮುಳ್ಳು ಎದ್ದಿದ್ವು.
ಸುಳ್ಳು ಅಲ್ಲ ಅದು, ಆವಾಗ.

ಟ್ರೇಲರ್ ಎರಡು ನಿಮಿಷದ್ದು.
ಅದರಾಗ ಊರು ಇತ್ತು, ಖರೇನ ಇತ್ತು,
ಕ್ಯಾಮೆರಾ ಹ್ವಾದ ಹಾದಿಗುಂಟ.
ಒಂದು ಗೇಣು ಎಡಕ್ಕ ಹೊಳ್ಳಿದ್ರ
ಗ್ವಾಡಿಗೆ ಬೆನ್ನಿಲ್ಲ, ಬೇವಿನ ಗಿಡಕ್ಕ ಬುಡ ಇಲ್ಲ.
ಎರಡು ಸಾವಿರದ ನೂರಾ ನಾಕು ಮಂದಿ
ಮುಂಗಡ ರೊಕ್ಕ ಕೊಟ್ರು.

ನಾನು ಸುಗಲಾ. ಕುದುರಿ ಕಾಲು ನನ್ನ ಪಾಲಿಗೆ.
ದಿನಾ ಮುಂಜಾನೆ ಗುಮ್ಮಟದ ಮುಂದ ಟಾಂಗಾ ಸ್ಟ್ಯಾಂಡಿನ್ಯಾಗ ನಿಂತು
ಲಾಡ್ಲೇಸಾಬರ ಕುದುರಿ ನಡಿಗಿ ಫೋನಿನ್ಯಾಗ ಹಿಡೀತಿದ್ದೆ.
‘ಎಷ್ಟು ಕುದುರಿ ಮಾಡ್ತೀರವ್ವ?’
ಹತ್ತು ಸಾವಿರ್ರಿ.
ಅವರು ಬೀಡಿ ಬಾಯಾಗಿಂದ ತಗದು,
ನಗಲಿಲ್ಲ, ಲೆಕ್ಕಾ ಹಾಕಿದ್ರು:
‘ಮೇವಿಗೆ?’

ಮೇವಿಗೆ ಏನೂ ಇರಲಿಲ್ಲ.

ದೀಪಾವಳಿಗೆ ಅಂದ್ವಿ. ಯುಗಾದಿಗೆ ಅಂದ್ವಿ.
ಗುಮ್ಮಟದಾಗ ಅಂದ ಮಾತು ಏಳು ಸಲ ಹೊಳ್ಳಿ ಬರ್ತದಂತಾರಲ್ಲ,
ನಮ್ಮ ತಾರೀಖೂ ಹಂಗ, ಸಲಕ್ಕೊಮ್ಮೆ ದನಿ ಸಣ್ಣದಾಗಿ.
ಒಂದಿನ ಸಂಜಿಮುಂದ ಬಾರಾ ಕಮಾನಿನ ಹುಲ್ಲಿನ್ಯಾಗ ಕುಂತು
ಶೇಂಗಾ ಸುಲಕೋತ ಬಂದೇನವಾಜ ಅಂದ,
‘ನೋಡ್ರಿ, ಇದಕ್ಕೂ ಮಾಳಿಗಿ ಬೀಳಲಿಲ್ಲ.
ಯಾರರೆ ರೊಕ್ಕ ವಾಪಸ್ ಕೇಳ್ಯಾರೇನು?’
ತಿಪರಾಯ ಸಿಪ್ಪಿ ಊದಿ ಅಂದ,
‘ಅವರು ಮುಂಗಡ ತಗೊಂಡಿರಲಿಲ್ಲೋ ಮಾರಾಯ.’
ಆಮ್ಯಾಲ ಯಾರೂ ಮಾತಾಡಲಿಲ್ಲ.
ಕಮಾನಿನ ನಡುವ ಆಕಾಶ ಒಂದು ಮಾತ್ರ
ಪೂರಾ ಮುಗಿಸಿದ್ದಿತ್ತು.

ಕಡೀಲಿಕ್ಕೆ ಹತ್ತಿದ್ವಿ.
ಹತ್ತು ಸಾವಿರ ಹೋಗಿ ಸಾವಿರ, ಸಾವಿರ ಹೋಗಿ ನಾಲ್ವತ್ತು.
ಬಾವಡಿಗೆ ನೀಲಿ ತಗಡು ಹೊದಿಸಿದ್ವಿ.
ಕಾವಲುಗಾರ ಬಿಸಿಲಾಗೇ ನಿಂತ,
ಅವನ ನೆರಳಷ್ಟೇ ಸರೀತು.
ತಿಪರಾಯ ಸೊಲ್ಲಾಪುರಕ್ಕ ಹ್ವಾದ,
ಸಿಸಿಟಿವಿ ಕೂಡಸೂ ಕೆಲಸಕ್ಕ.
ಕಡೀಕ ಉಳದದ್ದು:
ಒಂದು ಅಗಸಿ, ಒಂದು ಓಣಿ,
ಒಂದು ಕುದುರಿ. ಹೆಸರು ಇಡಲಿಕ್ಕೆ ಮರತೇವಿ.

ಬಿಡುಗಡಿ ಆದ ರಾತ್ರಿ ಬೈಗಳ ಮಳಿ.
ಓದಿದೆ, ಎಲ್ಲಾ ಓದಿದೆ, ಒಂದೂ ತಪ್ಪಿರಲಿಲ್ಲ.

ಮೂರನೇ ದಿನ ಇಂಡಿಯಿಂದ ಒಂದು ಫೋನ್.
ಮಲಕಾರಿ ಅಂತ, ಹದಿನಾರು ಇರಬೇಕು,
ಲಿಂಬಿಕಾಯಿ ಚೀಲ ಹೊಲದ ಪಗಾರದಾಗ ಮುಂಗಡ ಕಟ್ಟಿದಂವ.
ಬೈಲಿಕ್ಕೆ ಅಂತ ನಾ ಫೋನ್ ಕಿವಿಯಿಂದ ದೂರ ಹಿಡದೆ.
‘ಅಕ್ಕಾರ, ಆ ಕುದುರಿ ಎಡಗಡೆ ಹಿಂಗಾಲಿಗೆ
ಏನಾಗೇದ್ರಿ?’

ತೆರಿ ಮ್ಯಾಲ ಹಾಕಿ ನೋಡಿದೆ, ನಿಧಾನ ಮಾಡಿ ನೋಡಿದೆ.
ಹೌದು, ಕುಂಟತದ, ಕೂದಲೆಳಿಯಷ್ಟು.
ಲಾಡ್ಲೇಸಾಬರ ಕುದುರಿಯ ನೋವು
ನನಗೂ ಹೇಳದ ನನ್ನ ಕೈಯಾಗಿಂದ ಇಳದು ಬಂದಿತ್ತು.
ನಾವು ಕೊಡತೀವಂತ ಅಂದದ್ದರಾಗ ಅದು ಎಲ್ಲೂ ಇರಲಿಲ್ಲ.

‘ಕಲ್ಲು ನಟ್ಟಿರಬೇಕು ತಮ್ಮಾ,’ ಅಂದೆ.
‘ನಾನೂ ಹಂಗ ಅಂದ್ಕೊಂಡೆ. ಓಡಿಸಲಿಕ್ಕೆ ಮನಸಾಗವಲ್ದು.
ಇಳದು, ಹಗ್ಗಾ ಹಿಡದು ನಡಸಿಕೊಂಡು ಹೋಗಲಿಕ್ಕೆ
ಯಾವ ಬಟನ್ ಒತ್ತಬೇಕ್ರಿ?’

ಅಂಥ ಬಟನ್ ಇಲ್ಲ.
ಕೆಳಗ ವೈಂಡಿಂಗ್ ಮಷೀನು ತಿರಗತಿತ್ತು.
‘ಅದು, ಮುಂದಿನ ದೀಪಾ...’
ಅಂತ ಬಾಯಿ ತಗದು
ಮುಚ್ಚಿದೆ.