ಬೀಗರೂಟ, ಹದಿನಾರು ಜೀಬಿ

ಚಿನಕುರಳಿಯಿಂದ ಎರಡನೇ ಬಸ್ಸಿಗೆ ಪಾಂಡವಪುರಕ್ಕೆ ಬಂದ ದೇವೀರಮ್ಮ
ರವಿಕೆ ಕಣದ ಗಂಟು ಬಿಚ್ಚಿದರು.
ಒಳಗೊಂದು ಡಿಸ್ಕು.
ನಡುವಿನ ತೂತಿನ ಸುತ್ತ ಅರಿಸಿನ,
ಹೊಳೆಯುವ ಮೈಗೆ ಮೂರು ಬೆರಳಿನ ಕುಂಕುಮ,
ಅಂಚಿಗೆ ಅಂಟಿ ಒಣಗಿದ ಒಂದೆಸಳು ಕಣಗಿಲೆ.

"ಓಡ್ತಾ ಇಲ್ಲ ಕಣಪ್ಪ.
ಹದಿನೆಂಟು ವರ್ಷ ದೇವರ ಗೂಡಲ್ಲಿ ಮಡಗಿದ್ದೆ,
ಒಂದು ಶುಕ್ರವಾರ ತಪ್ಪಿಸಿಲ್ಲ.
ಅದ್ಯಾಕೆ ಕೆಟ್ಟೋಯ್ತು?"

ಪೂಜೆ ಮಾಡಿದ್ದಕ್ಕೇ ಕೆಟ್ಟಿತು ಎಂದು ಹೇಗೆ ಹೇಳುವುದು?
ಈ ಕಸುಬಿನಲ್ಲಿ ಇಪ್ಪತ್ತು ವರ್ಷ,
ಎಲ್ಲ ಬಗೆಯ ಸಾವು ನೋಡಿದ್ದೇನೆ:
ಇರುವೆ ಮೊಟ್ಟೆಯಿಟ್ಟ ಕ್ಯಾಸೆಟ್ಟು,
ಹಲ್ಲು ಬರುವ ಮಗು ಕಚ್ಚಿದ ಡಿಸ್ಕು,
ಸೀಬೆ ತೋಟದಲ್ಲಿ ಗಿಣಿ ಬೆದರಿಸಲು ದಾರಕ್ಕೆ ನೇತುಬಿದ್ದ
ಯಾರದೋ ಧಾರೆ, ಯಾರದೋ ನಾಮಕರಣ.
ಗಾಳಿ ಬಂದಾಗಲೆಲ್ಲ
ಇಡೀ ಮದುವೆ ಒಂದು ಸಲ ಮಿಂಚಿ ತಿರುಗುತ್ತದೆ.
ಅಂಗಿ ಜೇಬಲ್ಲೇ ಉಳಿದು
ಒಗೆಯುವ ಕಲ್ಲಿನ ಮೇಲೆ ಪ್ರಾಣಬಿಟ್ಟ ಪೆನ್‌ಡ್ರೈವು.
ಕುಂಕುಮದಿಂದ ಸತ್ತದ್ದು ಇದೇ ಮೊದಲು.

ತಣ್ಣೀರು, ಒಂದು ಹನಿ ಸೋಪು.
ಸುತ್ತಿ ಸುತ್ತಿ ಒರೆಸಬಾರದು,
ನಡುವಿನಿಂದ ಅಂಚಿಗೆ, ನೇರಕ್ಕೆ,
ಮಗು ಸೂರ್ಯನಿಗೆ ಗೆರೆ ಎಳೆದ ಹಾಗೆ.
ಬೆರಳೆಲ್ಲ ಕೆಂಪು.
ಹಳೇ ಡ್ರೈವಿಗೆ ತಳ್ಳಿದೆ. ತಡವರಿಸಿತು,
ಗೊರಗೊರ ಅಂದಿತು,
ಒಳಗೆ ಯಾರೋ ರಾಗಿ ಬೀಸಲು ಕೂತರು.

ಆಮೇಲೆ ಪರದೆಯ ಮೇಲೆ ಬಾಳೆಯೆಲೆ.
ಶಾಮಿಯಾನದ ಹಸಿರು ನೆರಳಲ್ಲಿ ಮುದ್ದೆಯ ಸಾಲು,
ಬಕೆಟ್ಟಿನಿಂದ ಎದ್ದ ಹಬೆ ಕ್ಯಾಮೆರಾಗೆ ಕವಿದು
ಊರೆಲ್ಲ ಒಂದು ಗಳಿಗೆ ಮೋಡ.
ಮೋಡ ಹರಿದಾಗ ಪುಟ್ಟಲಿಂಗಮ್ಮ,
ದೇವೀರಮ್ಮನ ಅಕ್ಕ, ತೀರಿಕೊಂಡು ಹದಿಮೂರು ವರ್ಷ,
ಸೌಟು ಎತ್ತಿ ಗದರುತ್ತಾಳೆ:
"ಏಯ್ ಲೈಟ್ ಹಿಡಿಯೋ ಹೈದ, ಅತ್ಲಾಗ್ ತಿರುಗ್ಸು,
ಉಣ್ಣೋರ ಕಣ್ಣಿಗೆ ಬಿಡ್ತೀಯಲ್ಲೋ.
ನೀನು ಉಂಡ್ಯಾ?"

ಅಲ್ಲಿಗೆ ನಿಂತಿತು. ಚೌಕ ಚೌಕವಾಗಿ ಒಡೆದ ಅವಳ ಬಾಯಿ.
ಹಿಂದಕ್ಕೆ ಎಳೆದೆ. ಮತ್ತೆ, ನೀನು ಉಂಡ್ಯಾ.
ಆ ಹೈದ ನಾನೇ.
ಯೋಗಣ್ಣನ ಹಿಂದೆ ವೈರು ಎಳೆಯುತ್ತ
ದಿನಕ್ಕೆ ಐವತ್ತು ರೂಪಾಯಿಗೆ ಹೋಗುತ್ತಿದ್ದವನು.
ಉಂಡೆನೋ ಇಲ್ಲವೋ ನೆನಪಿಲ್ಲ.
ದೇವೀರಮ್ಮನಿಗೆ ಹೇಳಲೂ ಇಲ್ಲ.

ನಲವತ್ತೊಂದು ನಿಮಿಷ ಉಳಿಯಿತು, ಹನ್ನೊಂದು ಹೋಯಿತು.
ವಿಟಿಎಸ್ ಸೊನ್ನೆ ಒಂದು ಎಂದಿದ್ದ ಹೆಸರು ಅಳಿಸಿ
ಪುಟ್ಟಲಿಂಗಮ್ಮ ಎಂದು ಒತ್ತಿದೆ.
ಪೆನ್‌ಡ್ರೈವನ್ನು ಅವರ ಅಂಗೈಯಲ್ಲಿಟ್ಟೆ.
"ಇಷ್ಟೇನಾ?"
ಹುಣಸೆ ಬೀಜದಂತೆ ತಿರುಗಿಸಿ ನೋಡಿದರು.
"ಊರೋರೆಲ್ಲ ಇದ್ರೊಳಗೆ ಹಿಡಿದ್ರಾ?"
ಹಿಡಿದರು, ಇನ್ನೂ ಐದಾರು ಊರಿಗೆ ಜಾಗ ಇದೆ ಅಂದೆ.
"ಹಂಗಾದ್ರೆ ಇನ್ಮೇಲೆ ಇದು ಹೋಗಲ್ಲ?"

ವ್ಯಾಪಾರದವನು, ಹೂಂ ಅನ್ನಬಹುದಿತ್ತು.
ಗೆರೆ ಬೀಳಲ್ಲಮ್ಮ, ಅದು ನಿಜ.
ಆದರೆ ಇದರಲ್ಲಿ ಕೆತ್ತಿದ್ದು ಏನೂ ಇಲ್ಲ, ತುಂಬಿಟ್ಟಿದ್ದು.
ಮಣ್ಣಿನ ಕೊಡದಲ್ಲಿ ನೀರಿದ್ದ ಹಾಗೆ ಕರೆಂಟು;
ಕಣ್ಣಿಗೆ ಕಾಣದಂತೆ ಒಸರುತ್ತದೆ.
ವರ್ಷಗಟ್ಟಲೆ ಗೂಡಲ್ಲಿ ಸುಮ್ಮನೆ ಕೂರಿಸಿದರೆ
ಒಂದು ದಿನ ಎಲ್ಲರನ್ನೂ ಮರೆತುಬಿಡಬಹುದು.
ವರ್ಷಕ್ಕೊಮ್ಮೆ ಟೀವಿಗೆ ಸಿಕ್ಕಿಸಿ ನೋಡಿ.
ಐದಾರು ವರ್ಷಕ್ಕೆ ತನ್ನಿ, ಹೊಸದಕ್ಕೆ ತುಂಬಿಕೊಡುತ್ತೇನೆ.

"ಪಕ್ಷಕ್ಕೆ ಎಡೆ ಇಕ್ತೀವಲ್ಲ, ಆವತ್ತು ಹಾಕ್ತೀನಿ ಬುಡು.
ಅವ್ಳೂ ನೋಡ್ಕೊಳ್ಲಿ."
ಬಾಗಿಲವರೆಗೆ ಹೋಗಿ ತಿರುಗಿದರು.
"ಕುಂಕುಮ ಎಲ್ಲಿಗೆ ಇಕ್ಕದು?"
ಮುಚ್ಚಳಕ್ಕೆ, ಅಂದೆ. ಮುಚ್ಚಳ ಹಾಕಿದ ಮೇಲೆ.

ಹಳೇ ಡಿಸ್ಕನ್ನೂ ಬಿಟ್ಟು ಹೋಗಲಿಲ್ಲ,
ಅದೇ ಕಣದಲ್ಲಿ ಎರಡನ್ನೂ ಗಂಟು ಹಾಕಿಕೊಂಡರು.

ಗಿರಾಕಿಯ ವಿಡಿಯೋ ಸಂಜೆಯೊಳಗೆ ಅಳಿಸುವುದು
ನಮ್ಮ ಅಂಗಡಿಯ ರೂಢಿ.
ಒಂದನ್ನು ಬಿಟ್ಟೆ.
ಮೂರು ಗಂಟೆಯಾಗಿತ್ತು. ಬೆರಳು ಇನ್ನೂ ಕೆಂಪಗಿತ್ತು.
ಬೆಳಿಗ್ಗೆ ತಂದ ಬುತ್ತಿ ಬಿಚ್ಚಿರಲಿಲ್ಲ.