ಹನ್ನೊಂದನೆಯ ಮರಿಯಾ

ಗಡಿಯಾರವಿಲ್ಲ ನಮ್ಮ ದೋಣಿಯಲ್ಲಿ.
ಬಿಯರಿನ ಹಳೇ ಪೀಪಾಯಿಗೆ ಗಾಳಿ ತುಂಬುವ ಹೊತ್ತನ್ನು
ನಾನು ಜಪದಲ್ಲೇ ಅಳೆಯುವುದು:
ಹತ್ತು ಮರಿಯಾ ಹೇಳಿ ಮುಗಿಸುವಷ್ಟರಲ್ಲಿ
ಮುಳ್ಳು ಕೆಂಪು ಗೆರೆ ಮುಟ್ಟಬೇಕು.
ಮುಟ್ಟಿದರೆ ಅನಿಸೆತೊ ಹಲ್ಲಲ್ಲಿ ಕೊಳವೆ ಕಚ್ಚಿ
ಹಿಂದೆ ನೋಡದೆ ಬೀಳುತ್ತಾನೆ ನೀರಿಗೆ.
ಹಳದಿ ಸುರುಳಿ ಬಿಚ್ಚುತ್ತ ಬಿಚ್ಚುತ್ತ
ಹನ್ನೆರಡು ಮಾರು ಆಳಕ್ಕೆ.

ಸಮಾರಿನ ಈ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು,
ಇದು ಟೈರಿಗೆ ಗಾಳಿ ಹೊಡೆಯಲು ಹುಟ್ಟಿದ ಯಂತ್ರ,
ಮನುಷ್ಯರಿಗಲ್ಲ.
ಕಾನೂನೂ ಅದನ್ನೇ ಹೇಳುತ್ತದೆ.
ಸಮುದ್ರಸೌತೆಯ ಬೆಲೆ ಬೇರೆ ಹೇಳುತ್ತದೆ.

ಸೋಮವಾರ ಹದಿಮೂರು ಮರಿಯಾ ಆಯಿತು.
ಬೆಲ್ಟು ಸಡಿಲ ಎಂದ ಅನಿಸೆತೊ, ಬಿಗಿದ.
ಬುಧವಾರ ಹದಿನೇಳು.
ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾಳೆ ಎಂದ,
ಅಂಗಡಿಯವಳ ಏಳು ತಲೆಮಾರು ಜಾಲಾಡಿದ.
ಇಂಜಿನ್ನು ಮಾತ್ರ ಎಂದಿನಂತೆ ಗುಡುಗುತ್ತಿತ್ತು.
ಪಿಸ್ಟನ್ನು ಮೇಲೆ ಕೆಳಗೆ, ಮೇಲೆ ಕೆಳಗೆ,
ಗಾಣದೆತ್ತಿನ ನಿಯತ್ತಿನಲ್ಲಿ;
ದುಡಿತಕ್ಕೆ ಕೊರತೆಯಿಲ್ಲ, ದುಡಿದದ್ದು
ತೂತು ಕೊಡಕ್ಕೆ ಹೊಯ್ದ ನೀರು.

ಶುಕ್ರವಾರ, ಅವನು ಕೆಳಗಿರುವಾಗಲೇ,
ಯಾಕೋ ನಾನು ಅಂಗೈಯನ್ನು
ಗಾಳಿ ಸೋಸುವ ಡಬ್ಬಿಯ ಬಾಯಿಗೆ ಹಿಡಿದೆ.
ಎಳೆದುಕೊಳ್ಳಬೇಕಿದ್ದ ಬಾಯಿ
ಉಫ್ ಎಂದಿತು.
ಬೆಚ್ಚಗೆ.
ಮತ್ತೆ ಎಳೆಯಿತು. ಮತ್ತೆ ಉಫ್.
ಜ್ವರದ ಮಗುವನ್ನೆತ್ತಿಕೊಂಡಾಗ
ಕುತ್ತಿಗೆಗೆ ತಾಗುತ್ತದಲ್ಲ, ಹಾಗೆ.

ಒಳಗೆ ಹೋದದ್ದು ಒಳಗೆ ನಿಲ್ಲುತ್ತಿಲ್ಲ!
ನನ್ನ ತಮ್ಮನ ಉಸಿರು
ಬಂದ ಬಾಗಿಲಿಂದಲೇ ಹೊರಟು
ನನ್ನ ಕೈಗೆ ಬಂದು ಬೀಳುತ್ತಿದೆ.
ಮುಳ್ಳು ಜಾರುತ್ತಿದೆ.
ಕೊಳವೆಯನ್ನು ಮೂರು ಸಲ ಜಗ್ಗಿದೆ.
ಮೂರು ಎಂದರೆ ಬಾ. ನಿಧಾನ ಬಾ, ಆದರೆ ಬಾ.
ನಿಧಾನ ಎನ್ನಲು ನಮ್ಮಲ್ಲಿ ಸನ್ನೆಯಿಲ್ಲ.

ಬಂದ. ಚೀಲದಲ್ಲಿ ನಾಲ್ಕೇ ನಾಲ್ಕು. ತುಟಿ ನೀಲಿ.
ಮೊದಲು ಬೈದ, ಆಮೇಲೆ ವಾಂತಿ ಮಾಡಿಕೊಂಡ,
ಆಮೇಲೆ ಹೇಳಿದ: ಎರಡು ದಿನದಿಂದ ಗಾಳಿ
ಸುಟ್ಟ ಬಾಣಲೆಯ ರುಚಿ ಇತ್ತಕ್ಕಾ,
ನೀನು ಹೆದರುತ್ತೀ ಅಂತ ಹೇಳಲಿಲ್ಲ.

ಮಾನೊ ಸಬಾಸ್ ಅಂಗಳದಲ್ಲಿ ಗೋಣಿ ಹಾಸಿ
ಸಿಲಿಂಡರಿನ ತಲೆ ಬಿಚ್ಚಿದ.
ಎರಡೇ ಕವಾಟ. ಒಂದು ಬರಮಾಡಲು, ಒಂದು ಬೀಳ್ಕೊಡಲು.
ಉಕ್ಕಿನ ಎಲೆಗಳು, ಕಿರುಬೆರಳಿನಷ್ಟುದ್ದ, ಉಗುರಿನಷ್ಟು ತೆಳುವು.
ಒಳಬಾಗಿಲಿನ ಎಲೆಯ ಮೂಲೆ ಮುರಿದಿತ್ತು.
ಹೊರಬಾಗಿಲಿನದು ಮಸಿಗಟ್ಟಿ
ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ.
ಕಳಿಸಿದ ಬಿಸಿಗಾಳಿಯೇ ಹಿಂದಕ್ಕೆ ನುಸುಳಿ
ಅದನ್ನೇ ಮತ್ತೆ ಹಿಂಡಿ, ಅದೇ ಮತ್ತೆ ಕಾದು,
ಕಾದ ಎಣ್ಣೆ ಇನ್ನಷ್ಟು ಮಸಿಯಾಗಿ,
ಮಸಿ ಬಾಗಿಲನ್ನು ಇನ್ನಷ್ಟು ತೆರೆದಿಟ್ಟು...
"ಹಳೇ ಜಗಳದ ಹಾಗೆ" ಎಂದ ಸಬಾಸ್,
ಹೆಂಡತಿಯ ಕಡೆ ನೋಡದೆ.
"ಪಿಸ್ಟನ್ನನ್ನು ಬೈಯಬೇಡಿ.
ತಾನು ಒತ್ತಿದ್ದು ಎಲ್ಲಿಗೆ ಹೋಯಿತೆಂದು
ಅದಕ್ಕೆ ಹೇಗೆ ಗೊತ್ತಾಗಬೇಕು?"

ಮುರಿದ ಎಲೆಯನ್ನು ಬೆಳಕಿಗೆ ಹಿಡಿದೆ.
ದಿನಕ್ಕೆ ಲಕ್ಷ ಸಲ ತೆರೆದು ಮುಚ್ಚಿದ್ದೀತು.
ಮೂರು ವರ್ಷದಲ್ಲಿ ಒಂದು ಸಲವೂ
ನಾನು ಅದರ ಮುಖ ನೋಡಿರಲಿಲ್ಲ.

ಯಾರದೋ ಸತ್ತ ಯಂತ್ರದಿಂದ ಕಿತ್ತ ಎಲೆ ಕೂರಿಸಿ
ಮಸಿ ಹೆರೆದು, ತಲೆ ಬಿಗಿದು, ಬೆಲ್ಟು ಹಾಕಿದೆವು.
ಕಣ್ಣು ಮುಚ್ಚಿ ಶುರುಮಾಡಿದೆ.
ಹತ್ತು ಮುಗಿಯಿತು. ಮುಳ್ಳು ಕೂದಲೆಳೆ ದೂರ.
ಹನ್ನೊಂದನೆಯದರ ನಡುವೆ ಮುಟ್ಟಿತು.
"ಸಾಕಲ್ಲ?" ಅನಿಸೆತೊ ಆಗಲೇ
ಕೊಳವೆಯನ್ನು ಬಾಯಿಗೆ ತರುತ್ತಿದ್ದ.

ನಾನೇ ಬೇಗ ಬೇಗ ಹೇಳಿದೆನೋ,
ಪಿಸ್ಟನ್ನಿಗೆ ವಯಸ್ಸಾಯಿತೋ,
ಇನ್ನೂ ಎಲ್ಲೋ ಒಂದು ಬಾಗಿಲು
ಹೊಸ್ತಿಲಿಗೆ ಕೂತಿಲ್ಲವೋ.

ಅವನು ಕೆಳಗಿದ್ದಾನೆ. ಅಂಗೈ ಹಿಡಿದಿದ್ದೇನೆ.
ಎಳೆಯುತ್ತಿದೆ, ತಣ್ಣಗೆ.
ಎಳೆಯುತ್ತಿದೆ.